ಜೋಡಿ ಹಾಳೆ

ಹಾಳೆ ತಾನಾಗಿಯೇ ಕಳಚಿಕೊಂಡು ಡ್ರೈವರನ ಎದೆಯ ಮೇಲೆ ಬಿತ್ತು. ಪಕ್ಕದ ಮಂಚದಿಂದ ಅದನ್ನು ಕಂಡ ಬೈಂಡರನಿಗೆ ತನ್ನ ಕೈಯನ್ನೇ ಕಡಿದುಹಾಕಬೇಕು ಅನ್ನಿಸಿತು. ಮೂವತ್ತೊಂದು ವರ್ಷ ಪುಸ್ತಕ ಹೊಲಿದ ಕೈ ಅದು. ಆ ಕೈ ಅಂಟಿಸಿದ ಹಾಳೆ ಹೀಗೆ ಉದುರಬಾರದಿತ್ತು. ಉದುರಿದರೂ ಈ ಮನುಷ್ಯನ ಎದೆಯ ಮೇಲೆ ಉದುರಬಾರದಿತ್ತು.

ಡ್ರೈವರ್ ಎಡಗೈ ಅಲುಗಿಸುವ ಹಾಗಿರಲಿಲ್ಲ. ಅದಕ್ಕೆ ಎರಡು ಸೂಜಿ ಚುಚ್ಚಿದ್ದರು. ಒಂದರಿಂದ ರಕ್ತ ಯಂತ್ರಕ್ಕೆ ಹೋಗುತ್ತಿತ್ತು, ಇನ್ನೊಂದರಿಂದ ಶುದ್ಧವಾಗಿ ವಾಪಸು ಬರುತ್ತಿತ್ತು. ಅವನು ಪುಸ್ತಕವನ್ನು ಹೊಟ್ಟೆಯ ಮೇಲೆ ಬೋರಲು ಹಾಕಿ, ಬಿದ್ದ ಹಾಳೆಯನ್ನು ಬಲಗೈಯಲ್ಲಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದ. ಅಂಚಿನಲ್ಲಿ ಒಣಗಿದ ಗೋಂದಿನ ಸಣ್ಣ ಗೆರೆ ಮಿರುಗಿತು.

"ಬೈಂಡರಣ್ಣ, ನಿನ್ನ ಹೊಲಿಗೆ ಬಿಚ್ಚಿಕೊಳ್ತು ನೋಡು."

"ಹಳೇ ಕಾಗದ. ನೀನು ಹೆಬ್ಬೆರಳಲ್ಲಿ ಹಿಂದಕ್ಕೆ ಮಡಚಿ ಓದ್ತೀಯ. ಪುಸ್ತಕ ಏನು ಸ್ಟೀರಿಂಗಾ ಹಾಗೆ ತಿರುಚೋಕೆ?" ಎಂದ ಬೈಂಡರ್. ದನಿ ಜೋರಾಯಿತು. ತಪ್ಪು ಮಾಡಿದಾಗಲೆಲ್ಲ ಅವನ ದನಿ ಜೋರಾಗುತ್ತಿತ್ತು.

ಆ ಕೋಣೆಯಲ್ಲಿ ನಾಲ್ಕು ಮಂಚ, ನಾಲ್ಕು ಯಂತ್ರ. ಮಂಗಳವಾರ, ಗುರುವಾರ, ಶನಿವಾರ ಬೆಳಗ್ಗೆ ಎಂಟಕ್ಕೆ ಮಲಗಿದರೆ ಮಧ್ಯಾಹ್ನ ಹನ್ನೆರಡಕ್ಕೆ ಏಳುವುದು. ಕಿಡ್ನಿ ಕೈಕೊಟ್ಟವರಿಗೆ ಅದೊಂದೇ ದಾರಿ. ಒಂದು ವರ್ಷದ ಹಿಂದೆ ಆ ಮಂಚಗಳಿಗೆ ಒಟ್ಟಿಗೆ ಬಂದು ಬಿದ್ದವರು ಬೈಂಡರ್, ಲಾರಿ ಡ್ರೈವರ್, ಟೈಲರಮ್ಮ ಮತ್ತು ಒಬ್ಬ ನಿವೃತ್ತ ಮೇಷ್ಟ್ರು. ಮೊದಲ ತಿಂಗಳು ನಾಲ್ವರೂ ಸೂರು ನೋಡಿದರು. ಎರಡನೆಯ ತಿಂಗಳು ಮೇಷ್ಟ್ರು ಒಂದು ದಪ್ಪ ಪುಸ್ತಕ ತಂದರು.

ನೂರು ವರ್ಷಕ್ಕಿಂತಲೂ ಹಳೆಯ ಕಾದಂಬರಿ. ಹೆಸರಿದ್ದ ರಟ್ಟು ಹರಿದುಹೋಗಿತ್ತು, ಹಾಗಾಗಿ ಎಲ್ಲರೂ ಅದನ್ನು ಗೋಲದ ಪುಸ್ತಕ ಅಂದರು. ಎಂಟು ಜನ ಕಬ್ಬಿಣದ ಗೋಲವೊಂದರಲ್ಲಿ ಕೂತು ಇನ್ನೊಂದು ಗ್ರಹಕ್ಕೆ ಹೋಗಿ ಬರುವ ಸಾಹಸದ ಕಥೆ. ಆದರೆ ಒಂದೇ ಕೈಯಲ್ಲಿ ಅಷ್ಟು ತೂಕ ಹಿಡಿದು ಓದುವುದು ಯಾರಿಂದಲೂ ಆಗಲಿಲ್ಲ. ಬೈಂಡರ್ ಅದನ್ನು ಮನೆಗೆ ಒಯ್ದು ನಾಲ್ಕು ತುಂಡು ಮಾಡಿ, ಒಂದೊಂದಕ್ಕೂ ತೆಳು ರಟ್ಟು ಹಾಕಿ ತಂದ. ಪುಸ್ತಕ ಕಡಿದದ್ದಕ್ಕೆ ಮೇಷ್ಟ್ರು ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ ಮೊದಲ ತುಂಡನ್ನು ಅವರೇ ಕೇಳಿ ಇಸಿದುಕೊಂಡರು. ಅವರು ಓದಿದ ತುಂಡು ಟೈಲರಮ್ಮನಿಗೆ, ಅವಳಿಂದ ಬೈಂಡರನಿಗೆ, ಕೊನೆಗೆ ಡ್ರೈವರನಿಗೆ. ಮುಂದೆ ಓದಿದವರು ಹಿಂದಿನವರಿಗೆ ಬಾಯಿ ಬಿಡಕೂಡದು ಅನ್ನುವುದು ಮೇಷ್ಟ್ರ ಕಟ್ಟಪ್ಪಣೆ.

ಎಲ್ಲರೂ ಓದಿ ಮುಗಿಸಿದ ಭಾಗದ ಬಗ್ಗೆ ಮಾತ್ರ ಯಾರ ಬಾಯಿಗೂ ಬೀಗವಿರಲಿಲ್ಲ. "ಎರಡು ವರ್ಷ ಓಡಿದ ಗಾಡಿಗೆ ಒಂದು ಸಲ ಆಯಿಲ್ ಬದಲಾಯಿಸಿಲ್ಲ. ಬರೆದೋನು ಎತ್ತಿನಗಾಡಿನೂ ಹೊಡೆದಿಲ್ಲ ಬಿಡಿ ಮೇಷ್ಟ್ರೇ" ಎಂದು ಡ್ರೈವರ್ ನಗುತ್ತಿದ್ದ. "ಎಂಟು ಗಂಡಸರು, ಎರಡು ವರ್ಷ, ಒಂದು ಗುಂಡಿ ಕಿತ್ತುಹೋಗಿಲ್ಲ ಅಂದ್ರೆ ನಾನು ನಂಬಲ್ಲ" ಎನ್ನುತ್ತಿದ್ದಳು ಟೈಲರಮ್ಮ. ಬೈಂಡರನಿಗೆ ಆ ಗೋಲದ ನಾಯಕನನ್ನು ಕಂಡರೆ ಆಗುತ್ತಿರಲಿಲ್ಲ. "ಬರೀ ಭಾಷಣ. ಕೆಲಸ ಮಾಡೋನು ಗೋಲಕ್ಕೆ ಬೆಂಕಿ ಹಾಕೋ ಆ ಕುಲುಮೆಯವನೊಬ್ಬನೇ." ಮೇಷ್ಟ್ರು ಎಲ್ಲ ಕೇಳಿಸಿಕೊಂಡು, "ವಿಮಾನನೇ ಇಲ್ಲದ ಕಾಲದಲ್ಲಿ ಅವನು ಇಷ್ಟು ಕಂಡಿದ್ದನಲ್ಲ, ಅದನ್ನ ನೋಡ್ರಯ್ಯ" ಎನ್ನುತ್ತಿದ್ದರು. ನಾಲ್ಕು ಗಂಟೆ ಕಳೆದದ್ದು ಗೊತ್ತಾಗುತ್ತಿರಲಿಲ್ಲ.

ಹೋದ ತಿಂಗಳು ಒಂದು ಗುರುವಾರ ಮೇಷ್ಟ್ರು ಬರಲಿಲ್ಲ. ಶನಿವಾರ ಅವರ ಮಂಚದಲ್ಲಿ ಬೇರೆ ಯಾರೋ ಮುಖದ ಮೇಲೆ ಟವೆಲ್ ಹಾಕಿಕೊಂಡು ಮಲಗಿದ್ದರು. ಆಮೇಲೆ ಡ್ರೈವರನ ನಗು ನಿಂತುಹೋಯಿತು. ಅವನನ್ನು ವಾರಕ್ಕೆ ಮೂರು ದಿನ ಕರೆತಂದು ಕರೆದೊಯ್ಯಲು ಮಗಳು ಕಾಲೇಜು ಬಿಟ್ಟಿದ್ದಳು. ಕೆಳಗೆ ಮೆಟ್ಟಿಲ ಮೇಲೆ ನಾಲ್ಕು ಗಂಟೆ ಸುಮ್ಮನೆ ಕೂತಿರುತ್ತಿದ್ದಳು. ಮೂರನೆಯ ತುಂಡಿನಲ್ಲಿ ಗೋಲ ವಾಪಸು ಬರುವಾಗ ಒಳಗಿನ ಗಾಳಿ ಎಂಟು ಜನಕ್ಕೆ ಸಾಲದೆ ಹೋಗುತ್ತದೆ. ಅದನ್ನು ಓದಿ ಮುಗಿಸಿದ ದಿನ ಡ್ರೈವರ್ ಸೂರು ನೋಡುತ್ತ ಹೇಳಿದ: "ಯಾರೋ ಒಬ್ಬ ಇಳೀಲೇಬೇಕು. ನಮ್ಮನೇಲೂ ಅಷ್ಟೇ. ಎಲ್ಲರ ಗಾಳಿ ನಾನೊಬ್ಬನೇ ಕುಡೀತಿದೀನಿ. ಪುಸ್ತಕ ಮುಗೀಲಿ, ನಂದೂ ಟ್ರಿಪ್ ಮುಗಿಸ್ತೀನಿ."

ತಮಾಷೆ ಇರಬೇಕು ಅಂದುಕೊಂಡರು. ಆದರೆ ಅವತ್ತೇ ಸೂಜಿ ತೆಗೆಯುವಾಗ ಅವನು ಸಿಸ್ಟರನ್ನು ಮೆಲ್ಲಗೆ ಕೇಳಿದ್ದು ಬೈಂಡರನ ಕಿವಿಗೆ ಬಿತ್ತು. "ಇದನ್ನ ನಿಲ್ಲಿಸಿದ್ರೆ ಎಷ್ಟು ದಿನ ಸಿಸ್ಟರ್? ಎಂಟಾ, ಹತ್ತಾ?"

ಕೊನೆಯ ತುಂಡು ಬೈಂಡರನ ಕೈಯಲ್ಲಿತ್ತು. ಕಡೆಯಲ್ಲಿ ಏನಾಗುತ್ತದೆಂದು ಅವನಿಗೆ ಗೊತ್ತಿತ್ತು. ಎಲ್ಲರೂ ಮಲಗಿದಾಗ ಕುಲುಮೆಯವನು ಎದ್ದು, ಹೊರಗಿನ ಬಾಗಿಲು ತೆಗೆದು ಹೋಗಿಬಿಡುತ್ತಾನೆ. ಉಳಿದ ಏಳು ಜನಕ್ಕೆ ಗಾಳಿ ಸಾಕಾಗುತ್ತದೆ. ಹೊಲಿಗೆ ಬಿಟ್ಟಿದೆ, ರಿಪೇರಿಯಲ್ಲಿದೆ ಎಂದು ಬೈಂಡರ್ ಎರಡು ವಾರ ತಳ್ಳಿದ. ಡ್ರೈವರ್ ಕೊನೆಗೆ, "ಕೊಡದಿದ್ರೆ ಬಿಡಣ್ಣ. ಮುಗಿದ್ರೂ ಸರಿ, ಮುಗೀದಿದ್ರೂ ಸರಿ, ಗುರುವಾರವೇ ಕಡೆ" ಎಂದ.

ಮಂಗಳವಾರ ಸಂಜೆ ಮನೆಯಲ್ಲಿ ಬೈಂಡರ್ ಕತ್ತಿ ಮಸೆದು ಕೂತ. ಕುಲುಮೆಯವನು ಎದ್ದು ಹೋಗುವುದು ಒಂದೇ ಹಾಳೆಯಲ್ಲಿತ್ತು, ಎದುರು ಬೆನ್ನು ಎರಡೇ ಪುಟ. ಅದರ ಹಿಂದಿನ ಪುಟ 'ಎಲ್ಲರೂ ನಿದ್ದೆಹೋದರು' ಎಂದು ನಿಂತಿತ್ತು. ಮುಂದಿನ ಪುಟದಲ್ಲಿ ಕೊನೆಯ ಅಧ್ಯಾಯ ಶುರು. ಅಲ್ಲಿ ಗೋಲ ನೆಲಕ್ಕೆ ಬಂದು, ಬಾಜಾಬಜಂತ್ರಿ, ನಾಯಕನ ಭಾಷಣ. ಕುಲುಮೆಯವನ ಮಾತೇ ಇಲ್ಲ. ಟೈಲರಮ್ಮ ಅದಕ್ಕೇ ಉರಿದುಬಿದ್ದು, "ಅಷ್ಟು ಮಾಡಿದೋನ ಹೆಸರು ಒಂದು ಸಾಲಲ್ಲಾದ್ರೂ ಬೇಡ್ವಾ?" ಎಂದು ಬೈಂಡರನ ಹತ್ತಿರ ಪಿಸುಗುಟ್ಟಿದ್ದಳು. ಬರೆದವನೇ ಮರೆತ ಮೇಲೆ ಒಂದು ಹಾಳೆ ಹೋದರೆ ಯಾರಿಗೂ ತಿಳಿಯುವುದಿಲ್ಲ ಎಂದು ಬೈಂಡರ್ ಲೆಕ್ಕ ಹಾಕಿದ.

ಪುಸ್ತಕದ ಯಾವ ಹಾಳೆಯೂ ಒಂಟಿಯಲ್ಲ. ಎರಡು ಹಾಳೆ ಒಂದೇ ಕಾಗದ, ನಡುವೆ ಮಡಿಕೆ, ಮಡಿಕೆಯಲ್ಲಿ ದಾರ. ಅಂಥ ಕಾಗದಗಳು ಒಂದರೊಳಗೊಂದು ಕೂರುತ್ತವೆ, ಹಾಗಾಗಿ ಮುಂದಿನ ಮೊದಲ ಹಾಳೆಗೆ ಹಿಂದಿನ ಕೊನೆಯದು ಜೋಡಿ. ಒಂದನ್ನು ಕಿತ್ತರೆ ಅದರ ಜೋಡಿ ಸಡಿಲವಾಗುತ್ತದೆ. ಹಾಗಾಗಿ ಹಾಳೆ ತೆಗೆಯುವಾಗ ಅರ್ಧ ಬೆರಳು ಅಂಚು ಉಳಿಸಿ ಕೊಯ್ಯಬೇಕು. ಅದನ್ನು ಅವನೇ ಎಷ್ಟೋ ಜನಕ್ಕೆ ಕಲಿಸಿದ್ದ. ಆದರೆ ಅಂಚು ಉಳಿದರೆ ಡ್ರೈವರನ ಕಣ್ಣಿಗೆ ಬೀಳುತ್ತದೆ. ಅದಕ್ಕೆ ಮಡಿಕೆಗೆ ಸರಿಯಾಗಿ ಕೊಯ್ದ. ಜೋಡಿ ಹಾಳೆ ಕೈಗೆ ಬಂತು. ಅದನ್ನು ತೆಳ್ಳಗೆ ಗೋಂದು ಸವರಿ ಕೂರಿಸಿದ. ಬಟ್ಟೆಯ ಪಟ್ಟಿ ಕೊಟ್ಟು ಅಂಟಿಸಬೇಕಿತ್ತು. ಅದೂ ಕಣ್ಣಿಗೆ ಬೀಳುತ್ತದೆಂದು ಕೊಡಲಿಲ್ಲ.

ಆ ಜೋಡಿಯೇ ಈಗ, ಗುರುವಾರ, ಡ್ರೈವರನ ಕೈಯಲ್ಲಿದ್ದದ್ದು.

"ಪ್ರತಿ ಹಾಳೆಗೂ ಜೋಡಿ ಇರುತ್ತೆ ಅಂತ ನೀನೇ ಹೇಳಿದ್ದೆ" ಎಂದ ಡ್ರೈವರ್. "ಇದು ಮುಂದಿನಿಂದ ಎರಡನೇ ಹಾಳೆ. ಹಾಗಾದ್ರೆ ಇದರ ಜೋಡಿ ಹಿಂದಿನಿಂದ ಎರಡನೇದು." ಪುಸ್ತಕವನ್ನು ತಿರುಗಿಸಿ, ಹೆಬ್ಬೆರಳಲ್ಲಿ ಕೊನೆಯ ಹಾಳೆ ಸರಿಸಿದ. "ಮುನ್ನೂರ ಹದಿನಾರು ಆದ್ಮೇಲೆ ಮುನ್ನೂರ ಹತ್ತೊಂಬತ್ತು. ನಡುವಿಂದು ಎಲ್ಲಿ?"

ರಕ್ತದೊತ್ತಡದ ಪಟ್ಟಿ ಬೈಂಡರನ ತೋಳನ್ನು ಹಿಂಡಿ ಬಿಟ್ಟಿತು. ಟೈಲರಮ್ಮ ತಲೆಯೆತ್ತಿ ಅವನನ್ನೇ ನೋಡಿದಳು.

"ನೀನು ಕೊಯ್ದಿದೀಯ" ಎಂದ ಡ್ರೈವರ್. "ಯಾರೋ ಇಳೀತಾರೆ. ಯಾರಣ್ಣ, ಕುಲುಮೆಯವನಾ?"

"ಬಾಯಿ ಮುಚ್ಕೊಂಡು ಮಲಗು."

"ಹೇಳಿಬಿಡು. ಹೇಗೂ ಇವತ್ತೇ ಕಡೆ."

"ಹೇಳಲ್ಲ" ಎಂದು ಬೈಂಡರ್ ಗದರಿದ. ಟವೆಲಿನ ಕೆಳಗಿದ್ದವನೂ ಬೆಚ್ಚಿದ. "ಕಥೆ ಹೇಳೋಕೆ ನಾನೇನು ನಿನ್ನ ಅಜ್ಜಿನಾ? ಹಾಳೆ ಮನೇಲಿದೆ. ಶನಿವಾರ ತರ್ತೀನಿ. ಬೇಕಿದ್ರೆ ಬಂದು ಓದು, ಬೇಡದಿದ್ರೆ ಹಾಳಾಗಿ ಹೋಗು."

ಕೊನೆಯ ಮಾತು ಬಾಯಿಂದ ಬಿದ್ದ ಮೇಲೆ ಅದನ್ನು ಎತ್ತಿಕೊಳ್ಳಲು ಆಗಲಿಲ್ಲ. ಹನ್ನೆರಡಕ್ಕೆ ಡ್ರೈವರ್ ಎದ್ದು, ತೂಕದ ಯಂತ್ರದ ಮೇಲೆ ನಿಂತು ಇಳಿದು, ಟೈಲರಮ್ಮನಿಗೆ ಮಾತ್ರ "ಬರ್ತೀನಕ್ಕ" ಎಂದು ಹೇಳಿ ಹೋದ. ಉದುರಿದ ಹಾಳೆಯನ್ನು ತುಂಡಿನ ಒಳಗಿಟ್ಟು ದಿಂಬಿನ ಮೇಲೆ ಬಿಟ್ಟಿದ್ದ.

ಶನಿವಾರ ಬೈಂಡರ್ ಏಳಕ್ಕೇ ಬಂದು ಮಂಚದ ಮೇಲೆ ಕೂತ. ಹಾಳೆ ಜೇಬಿನಲ್ಲಿತ್ತು, ಎರಡು ರಟ್ಟಿನ ನಡುವೆ. ಸಿಸ್ಟರ್ ಡ್ರೈವರನ ಮಂಚಕ್ಕೆ ಹೊಸ ಹೊದಿಕೆ ಹಾಸಿ, ಯಂತ್ರಕ್ಕೆ ಕೊಳವೆ ಸಿಕ್ಕಿಸಿ ಸಿದ್ಧ ಮಾಡಿದಳು. ಎಂಟಾಯಿತು. ಎಂಟೂವರೆಯಾಯಿತು. ಟೈಲರಮ್ಮನಿಗೆ, ಟವೆಲಿನವನಿಗೆ ಸೂಜಿ ಹಾಕಿ ಆಯಿತು. ಬೈಂಡರ್ ಎಡಗೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೂತಿದ್ದ.

"ಕೈ ಕೊಡಿ" ಎಂದಳು ಸಿಸ್ಟರ್.

"ಅವನು ಬರಲಿ."

"ಬರದಿದ್ರೆ?"

ಬೈಂಡರ್ ಕೈಯನ್ನು ಇನ್ನೂ ಒಳಕ್ಕೆ ಒತ್ತಿಕೊಂಡ. ಯಂತ್ರ ತೆಗೆಯಬೇಕಿದ್ದ ಎರಡು ದಿನದ ನೀರು ಅವನ ಮುಖಕ್ಕೆ, ಕಣ್ಣಿನ ಕೆಳಕ್ಕೆ ಇಳಿದಿತ್ತು. ಉಸಿರು ಸಣ್ಣದಾಗಿತ್ತು.

"ನಿಮ್ಮ ಹಟಕ್ಕೆ ನಿಮ್ಮದೇ ನಾಲ್ಕು ಗಂಟೆಯಲ್ಲಿ ಕಮ್ಮಿ ಆಗುತ್ತೆ. ಮಧ್ಯಾಹ್ನದವರು ಬಾಗಿಲಲ್ಲಿ ಕಾಯ್ತಿರ್ತಾರೆ, ನಾನು ನಿಮಗೆ ಒಂದು ನಿಮಿಷ ಜಾಸ್ತಿ ಕೊಡಲ್ಲ."

"ಕೊಡಬೇಡಮ್ಮ."

"ಅವನನ್ನ ಹಾಳಾಗಿ ಹೋಗು ಅಂದಿದ್ದು ಯಾರು?" ಎಂದಳು ಟೈಲರಮ್ಮ ಗೋಡೆ ನೋಡುತ್ತ. "ಈಗ ನೋಡು, ಮುಹೂರ್ತಕ್ಕೆ ಕಾದ ಮದುಮಗನ ಹಾಗೆ ಕೂತಿದಾನೆ."

ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಬಾಗಿಲು ತಳ್ಳಿಕೊಂಡು ಡ್ರೈವರ್ ಬಂದ. ಎರಡೂ ತೋಳಿನ ಗುಂಡಿ ಹಾಕಿತ್ತು. ಮಂಚದ ಹತ್ತಿರ ಬರದೆ ನಿಂತು ಬಲಗೈ ಚಾಚಿದ. "ಕೊಡು. ಮಗಳು ಅತ್ತೂ ಅತ್ತೂ ಎಳೆದುಕೊಂಡು ಬಂದ್ಲು. ಹಾಳೆ ಓದಿಕೊಂಡು ಬರ್ತೀನಿ ಅಂತ ಹೇಳಿ ಬಂದಿದೀನಿ, ಅಷ್ಟೇ."

"ಮಲಕೊ, ಕೊಡ್ತೀನಿ."

"ಎರಡು ಪುಟ ಓದೋಕೆ ನಾಲ್ಕು ಗಂಟೆ ಮಲಗಬೇಕಾ? ನಿಂತೇ ಓದ್ತೀನಿ ಕೊಡಣ್ಣ."

"ಕೊಡಲ್ಲ."

"ಹಾಗಾದ್ರೆ ನೀನೇ ಇಟ್ಕೊ" ಎಂದು ಡ್ರೈವರ್ ತಿರುಗಿದ. ಬಾಗಿಲ ಹಿಡಿಗೆ ಕೈ ಹಾಕಿದವನು, ಏನೋ ನೆನಪಾದವನಂತೆ ಮತ್ತೆ ನೋಡಿದ. ಬೈಂಡರನ ಪಕ್ಕದ ಯಂತ್ರ ಸುಮ್ಮನಿತ್ತು. ಕೊಳವೆಯಲ್ಲಿ ರಕ್ತವಿಲ್ಲ, ಬರೀ ನೀರು.

"ನಿಂಗ್ಯಾಕೆ ಇನ್ನೂ ಹಾಕಿಲ್ಲ?"

"ಏಳರಿಂದ ಹಿಂಗೇ ಕೂತಿದಾರೆ" ಎಂದಳು ಸಿಸ್ಟರ್. "ಇಬ್ಬರೂ ಸೇರಿ ನನ್ನ ಕೆಲಸ ತೆಗೆಸ್ತೀರ."

"ಏನಣ್ಣ ಇದು, ಹೆದರಿಸ್ತಿದೀಯಾ?"

"ಹೂಂ, ಹೆದರಿಸ್ತಿದೀನಿ" ಎಂದ ಬೈಂಡರ್. ಬೈಯಬೇಕೆಂದು ಬಾಯಿ ತೆರೆದ. ದಮ್ಮು ಸಾಲಲಿಲ್ಲ. ಮಂಚದ ಅಂಚು ಹಿಡಿದುಕೊಂಡು ಉಸಿರಿಗೆ ಕಾದ. "ನಂಗೆ ಬೇರೆ ಏನೂ ಗೊತ್ತಾಗಲಿಲ್ಲ ಕಣೋ. ಮೊನ್ನೆ ಹಾಳೆ ಕೊಯ್ದೆ, ಅದೂ ನೆಟ್ಟಗೆ ಬರಲಿಲ್ಲ."

ಡ್ರೈವರ್ ಅವನ ಊದಿದ ಮುಖ ನೋಡಿದ. ಆಮೇಲೆ ಮಂಚದ ಮೇಲೆ ಕೂತು ಎಡತೋಳಿನ ಗುಂಡಿ ಬಿಚ್ಚಿದ. "ಮೊದಲು ಆ ಮುದುಕನಿಗೆ ಹಾಕಿ ಸಿಸ್ಟರ್" ಎಂದ. "ಮುದುಕ ನಿಮ್ಮಪ್ಪ" ಎಂದು ಬೈಂಡರ್ ಕೈ ಚಾಚಿದ. ಇಬ್ಬರಿಗೂ ಸೂಜಿ ಹಾಕಿ ಮುಗಿಸಿ ಸಿಸ್ಟರೇ ಹಾಳೆಯನ್ನು ಈ ಮಂಚದಿಂದ ಆ ಮಂಚಕ್ಕೆ ದಾಟಿಸಿದಳು.

ಡ್ರೈವರ್ ನಿಧಾನ ಓದುವವನು. ತುಟಿ ಅಲುಗುತ್ತಿತ್ತು. ಕುಲುಮೆಯವನು ಏಳುತ್ತಾನೆ. ಮಲಗಿದವರನ್ನು ಒಬ್ಬೊಬ್ಬರನ್ನಾಗಿ ನೋಡುತ್ತಾನೆ. ತನ್ನ ಕಂಬಳಿಯನ್ನು ಎಲ್ಲರಿಗಿಂತ ಕಿರಿಯವನಿಗೆ ಹೊದಿಸುತ್ತಾನೆ. ಬರಿಗಾಲಲ್ಲಿ ನಡೆದು ಬಾಗಿಲ ಚಕ್ರದ ಮೇಲೆ ಕೈ ಇಡುತ್ತಾನೆ. ಅಷ್ಟಕ್ಕೆ ಪುಟ ಮುಗಿದಿತ್ತು, ವಾಕ್ಯ ಮುಗಿದಿರಲಿಲ್ಲ. ಉಳಿದದ್ದು ಹಾಳೆಯ ಬೆನ್ನಿಗಿತ್ತು.

"ಬೈಂಡರಣ್ಣ."

"ಏನು?"

"ಇವನು ಹೋಗೋ ಮುಂಚೆ ಯಾರನ್ನಾದ್ರೂ ಕೇಳಿದ್ನಾ? ಉಳಿದ ಏಳು ಜನಾನ?"

"ಇಲ್ಲ."

"ಒಬ್ಬರೂ ಎಚ್ಚರ ಇರಲಿಲ್ವಾ?"

"ಒಬ್ಬರೂ ಇರಲಿಲ್ಲ."

"ಅದಕ್ಕೇ ನಂಗೆ ಆ ಪುಸ್ತಕದ ಮೇಲೆ ಸಿಟ್ಟು" ಎಂದಳು ಟೈಲರಮ್ಮ.

ಹಾಳೆ ತಿರುಗಿಸಲು ಡ್ರೈವರನಿಗೆ ಒಂದು ಕೈ ಸಾಕಿತ್ತು. ಅವನು ತಿರುಗಿಸಲಿಲ್ಲ. ಓದಿದ ಪುಟ ಮೇಲೆ ಬರುವ ಹಾಗೆ ಅದನ್ನು ಎದೆಯ ಮೇಲಿಟ್ಟು, ಫ್ಯಾನಿನ ಗಾಳಿಗೆ ಹಾರದಂತೆ ಅಂಗೈ ಮುಚ್ಚಿದ. ಎರಡು ಯಂತ್ರಗಳ ಚಕ್ರ ತಿರುಗತೊಡಗಿದ್ದವು. ಬೈಂಡರ್ ಈ ಕಡೆ ಹೊರಳಿ ಮಲಗಿ ಆ ಕೈಯನ್ನೇ ನೋಡುತ್ತಿದ್ದ. ಹಾಳೆ ಉಸಿರಿನ ಜೊತೆ ಏರುತ್ತಿತ್ತು, ಇಳಿಯುತ್ತಿತ್ತು.