ಕಾಸಾಬ್ಲಾಂಕಾದಲ್ಲೊಂದು ಕೋಣೆ

೧೯೬೩ರಲ್ಲಿ ಹಡಗು ರಿಪೇರಿಗೆಂದು ನಿಂತಾಗ, ಅದರ ಗುಮಾಸ್ತ ಸವಣೂರಿನ ಪ್ರಾಣೇಶ ಮತ್ತು ಖಲಾಸಿ ಹಾನಗಲ್ಲಿನ ಉಳಿವೆಪ್ಪ ಮೊರಾಕೊದ ಕಾಸಾಬ್ಲಾಂಕಾ ಪಟ್ಟಣದಲ್ಲಿ ಅಗ್ಗದ ವಸತಿ ಹುಡುಕುತ್ತ ಹೊರಟರು. ಮೊದಲು ನೋಡಿದ ಕೋಣೆಗೆ ಕಿಟಕಿಯೇ ಇರಲಿಲ್ಲ. ಇನ್ನೊಂದು ಕಡೆ ಮಾಂಸದ ವಾಸನೆಗೆ ಪ್ರಾಣೇಶ ಹೊಸ್ತಿಲಲ್ಲೇ ಹಿಂದೆ ಸರಿದ.

ಮುಂದಿನ ಓಣಿಯ ವಸತಿಮನೆಯ ಅಂಗಳದಲ್ಲಿ ಒಡತಿ ಅಂಗೈಯಿಂದ ರೊಟ್ಟಿ ತಟ್ಟುತ್ತಿದ್ದಳು.

"ರಾಯರ, ಕೋಣೆ ನೋಡೂದ ಬ್ಯಾಡ್ರಿ. ಇಲ್ಲೇ ಇರೂಣ!" ಎಂದ ಉಳಿವೆಪ್ಪ ಕೈ ತೊಳೆದು ಅವಳೆದುರು ಕುಳಿತ. ತಾನೂ ಒಂದು ರೊಟ್ಟಿ ತಟ್ಟಿ ಹಂಚಿಗೆ ಹಾಕಿದ. ಇವರ ಮಾತು ತಿಳಿಯದ ಒಡತಿ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಆಮೇಲೆ ಮಾಳಿಗೆಯ ಮೇಲೆ ಸಮುದ್ರ ಕಾಣುವ ಕೋಣೆಯನ್ನೇ ತೆರೆದುಕೊಟ್ಟಳು.

ಪ್ರಾಣೇಶ ಬಿಸಿ ರೊಟ್ಟಿಗೆ ಎಣ್ಣೆ ಸವರಿ ತಿಂದು ಮುಗಿಸಿ, "ಇನ್ನೊಂದು ತಟ್ಟಪಾ, ಉಳಿವೆಪ್ಪ" ಎಂದ.