ತಾಯಕ್ಕನ ಫ್ರಿಡ್ಜು

ಚೋರನೂರಿನ ತಾಯಕ್ಕನ ಮನೆಯಲ್ಲಿ ಫ್ರಿಡ್ಜಿತ್ತು. ಮನೆಮನೆ ಸುತ್ತಿ ಬಡವರ ಲೆಕ್ಕ ಬರೆಯುವ ಗುತ್ತಿಗೆ ಕೆಲಸದ ಸುಕನ್ಯಾ ಅದನ್ನು ಕಣ್ಣಾರೆ ಕಂಡಿದ್ದಳು. ಕಂಡೂ ಮೊಬೈಲಿನಲ್ಲಿ ‘ಇಲ್ಲ’ ಎಂದು ಒತ್ತಿದ್ದಳು. ಅದು ಕೆಟ್ಟು ನಾಲ್ಕು ವರ್ಷವಾಗಿತ್ತು. ಸಂಡೂರಿನ ಗಣಿ ಕ್ವಾರ್ಟರ್ಸಿನವರು ಬಿಸಾಡುವ ಬದಲು, ಅಲ್ಲಿ ಪಾತ್ರೆ ತಿಕ್ಕುತ್ತಿದ್ದ ತಾಯಕ್ಕನಿಗೆ ಕೊಟ್ಟಿದ್ದರು. ಒಳಗಿದ್ದದ್ದು ರೇಷನ್ ಅಕ್ಕಿ.

“ಇಲಿ ಕಾಟ ಭಾಳ ಐತವ್ವ, ಇದರಾಗಿಟ್ರ ಮುಟ್ಟಂಗಿಲ್ಲ” ಅಂದಿದ್ದಳು ತಾಯಕ್ಕ.

ಮೇಲ್ವಿಚಾರಕ ಬಸವಕುಮಾರ್, ಸುಕನ್ಯಾ ಕಳಿಸಿದ್ದ ಮನೆಯೊಳಗಿನ ಫೋಟೊ ನೋಡಿ ಹಿಡಿದುಬಿಟ್ಟ. “ಫ್ರಿಡ್ಜಾಗ್ಲಿ ಬೈಕಾಗ್ಲಿ ಐತಿ ಅಂದ್ರ ರೇಷನ್ ಕಾರ್ಡ್ ಹೋತು. ನಾಳೆ ಸಭೆ ಮುಗಿಸ್ರಿ, ನಾಡಿದ್ದು ಹೋಗಿ ತಿದ್ದಿ ಬರ್ರಿ. ಇಲ್ಲಾಂದ್ರ ನನ್ನ ಕೆಲಸಕ್ಕೂ ಕುತ್ತು.”

ಬಡತನದ ಲೆಕ್ಕದ ಮೇಲಿನ ಆ ಸಭೆ ಹೊಸಪೇಟೆಯಲ್ಲಿ. ವೇದಿಕೆಯ ಮೇಲೆ ಇಬ್ಬರು ತಜ್ಞರು. ರಾಜ್ಯದಲ್ಲೀಗ ನೂರಕ್ಕೆ ಐವರೂ ಬಡವರಿಲ್ಲ, ಪುಕ್ಕಟೆ ಹಂಚಿದ್ದು ಸಾಕು ಎಂದರು ಒಬ್ಬರು. ಇಪ್ಪತ್ತು ಮಂದಿ ಇದ್ದಾರೆ, ಹಂಚಿದ್ದು ಏನೇನೂ ಸಾಲದು ಎಂದರು ಇನ್ನೊಬ್ಬರು. ಎರಡು ತಾಸು ಹಗ್ಗಜಗ್ಗಾಟ ನಡೆಯಿತು. ಕಾಲು ಸೋತು ಹಿಂದಿನ ಸಾಲಿನಲ್ಲಿ ಕೂತಿದ್ದ ಸುಕನ್ಯಾ ಕೊನೆಗೆ ಎದ್ದು ನಿಂತಳು.

“ಸರ್, ಕೆಟ್ಟ ಫ್ರಿಡ್ಜಿನಾಗ ಅಕ್ಕಿ ಇಟ್ಟಾಕಿ ನಿಮ್ಮ ಐದರಾಗ ಬರ್ತಾಳೋ, ಇವರ ಇಪ್ಪತ್ತರಾಗೋ?”

ಜನ ನಕ್ಕರು. ಮೊದಲನೆಯವರು “ಅದೊಂದು ಬಿಡಿ ಪ್ರಕರಣ ಕಣಮ್ಮ” ಎಂದರು. ಎರಡನೆಯವರು “ಒಳ್ಳೆ ಉದಾಹರಣೆ” ಎಂದು ಚೀಟಿಯಲ್ಲಿ ಬರೆದುಕೊಂಡರು. ಅಕ್ಕಿ ಇಟ್ಟಾಕೆಯ ಹೆಸರೇನು ಎಂದು ಇಬ್ಬರೂ ಕೇಳಲಿಲ್ಲ.

ಮರುದಿನ ಬಿಸಿಲೇರುವ ಹೊತ್ತಿಗೆ ಸುಕನ್ಯಾ ಚೋರನೂರಿನಲ್ಲಿದ್ದಳು. ಫ್ರಿಡ್ಜಿನಿಂದ ಕಾರ್ಡು ಹೋಗುವ ವಿಷಯ ಹೇಳಿದಳು. ತಾಯಕ್ಕ ಅಕ್ಕಿಯನ್ನೆಲ್ಲ ಚೀಲಕ್ಕೆ ಸುರಿದು, “ಹಿಡಿ ಆ ಕಡೆ” ಎಂದಳು. ಇಬ್ಬರೂ ಏದುಸಿರು ಬಿಡುತ್ತ ಫ್ರಿಡ್ಜನ್ನು ಹಿತ್ತಲಿಗೆ ಎಳೆದುಹಾಕಿದರು. ಖಾಲಿ ಮೂಲೆಯ ಫೋಟೊ ತೆಗೆದು, ಸುಕನ್ಯಾ ಮತ್ತೆ ‘ಇಲ್ಲ’ ಒತ್ತಿದಳು. ಈ ಸಲ ಅದು ಸುಳ್ಳಾಗಿರಲಿಲ್ಲ. ಸಂಜೆ ಬಸವಕುಮಾರನ ‘ಓಕೆ’ ಬಂದರೆ ಕಾರ್ಡು ಉಳಿದಂತೆ.

“ಇನ್ನ ಇಲಿಗೂ ಒಂದು ಪಾಲು ಕೊಡಬೇಕಾತು” ಎಂದು ತಾಯಕ್ಕ ಚೀಲದ ಬಾಯಿ ಕಟ್ಟಿದಳು. ಆಮೇಲೆ ಚೊಂಬಿನಲ್ಲಿ ನೀರು ತಂದುಕೊಟ್ಟಳು.

ಎದುರಿನದೂ ಸೇರಿ ಇನ್ನೂ ಒಂಬತ್ತು ಮನೆ ಬಾಕಿ ಇದ್ದವು. ಹೊಸ್ತಿಲ ಮೇಲೆ ಕೂತ ಸುಕನ್ಯಾಳಿಗೆ ಏಳಲು ಮನಸ್ಸಾಗಲಿಲ್ಲ. ಎದುರುಮನೆಯ ಹುಸೇನಪ್ಪ ಇವರ ಎಳೆದಾಟ ನೋಡಿದ್ದನೇನೋ, ಟೈರಿಲ್ಲದ ತನ್ನ ಹಳೆ ಬೈಕನ್ನು ಗೋಡೆಯ ಹಿಂದಕ್ಕೆ ನೂಕುತ್ತಿದ್ದ. ಸುಕನ್ಯಾ ಮುಖ ಆಚೆ ತಿರುಗಿಸಿ, ಅವನ ಕೆಲಸ ಮುಗಿಯುವವರೆಗೂ ನಿಧಾನಕ್ಕೆ ನೀರು ಕುಡಿದಳು.