ಹಲಗೆ ಮೇಡಂ

ಮುಂದಿನ ಕೋಣೆಯ ಮೇಜನ್ನು ಓರೆ ಮಾಡಿ ಬಾಗಿಲು ದಾಟಿಸುತ್ತಿರುವಾಗಲೇ ಹೊಸ ಶಿಕ್ಷಣಾಧಿಕಾರಿ ಹೂ ಹಿಡಿದು ಮೆಟ್ಟಿಲೇರಿದರು. ಮೇಜಿನ ಒಂದು ತುದಿ ಸತ್ತವಳ ಗಂಡನ ಕೈಯಲ್ಲಿ, ಇನ್ನೊಂದು ತುದಿ ಮಗಳ ಕೈಯಲ್ಲಿ. ಗಂಡ ಆಯುಷ್ಯವೆಲ್ಲ ಬಸ್ಸು ಓಡಿಸಿ ನಿವೃತ್ತನಾದವನು. ಹೆಂಡತಿ ಹೋದ ದಿನವಾದರೂ ಅವನ ಬಾಯಿ ಸುಮ್ಮನಿರಬೇಕಲ್ಲ!

“ಒಂಚೂರು ತಡೀರಿ ಸಾರ್, ರಿವರ್ಸ್ ತಗೋತೀನಿ,” ಎಂದ.

“ಅಪ್ಪಾ...” ಎಂದು ಮಗಳು ಗದರುವಂತೆ ಕಣ್ಣು ಬಿಟ್ಟಳು. ಅಳುತ್ತಿದ್ದವಳಿಗೂ ನಗು ಬಂತು.

ಜಾಗ ಬೇಕೇ ಬೇಕಿತ್ತು, ಜನ ಬರುತ್ತಲೇ ಇದ್ದರು. ಊರಿನ ಶಾಲೆಗಳಲ್ಲಿ ಮಗುವಿಗೊಂದು ಟ್ಯಾಬ್ ಕೊಡುವ ಯೋಜನೆಯನ್ನು ಕಾಗದದಿಂದ ಮಕ್ಕಳ ಕೈಗೆ ತಂದವಳು ಒಳಗೆ ಬಿಳಿ ಹೊದಿಕೆಯಡಿ ಮಲಗಿದ್ದಳು. ಈ ಅಧಿಕಾರಿ ಬಂದ ಮೇಲೆ, ಒಡೆದುಹೋಗುತ್ತವೆ ಎಂದು, ಟ್ಯಾಬ್‌ಗಳು ಮನೆಗೆ ಹೋಗುವುದು ನಿಂತಿತ್ತು. ಸಂಜೆ ಗಂಟೆ ಹೊಡೆಯುವ ಮೊದಲೇ ಎಲ್ಲವೂ ಬೀರುವಿನೊಳಗೆ. ಆಸ್ಪತ್ರೆಯ ಮಂಚದಲ್ಲೂ ಅವಳಿಗೆ ಅದೇ ಗುಂಗು. “ಬೀರು ತೆಗೆಸ್ರೀ,” ಎಂದು ಗಂಡನ ಕೈ ಹಿಡಿದು ಹೇಳಿದ್ದಳು. ಅವನು ಹೂಂ ಅಂದಿದ್ದ. ಅಂದದ್ದೇನೋ ಅಂದ, ಬಸ್ಸಿನ ಬಾಗಿಲಾಗಿದ್ದರೆ ತೆಗೆಯುತ್ತಿದ್ದ, ಇದು ಸರ್ಕಾರದ ಬೀರು. ಆದರೂ ಅವಳು ಈ ಮನೆಯ ಹೊಸ್ತಿಲು ದಾಟುವುದರೊಳಗೆ ಆ ಮಾತು ಉಳಿಸಿಕೊಳ್ಳಬೇಕು.

*

ಯೋಜನೆಯ ಮೊದಲ ದಿನಗಳಲ್ಲಿ ಅವಳ ಶಿಕ್ಷಣ ಕಚೇರಿಯವರಿಗೆಲ್ಲ ಅವಸರ. ಯಾವ ಟ್ಯಾಬ್ ಕೊಳ್ಳೋಣ ಎಂಬುದೊಂದೇ ಮಾತು. ಅವಳು, “ಮೊದ್ಲು ಹಲಗೆ ಕೊಡೋಣ,” ಎಂದಳು. ಟ್ಯಾಬ್‌ನಷ್ಟೇ ಅಗಲದ, ಅಷ್ಟೇ ತೂಕದ ಮರದ ಹಲಗೆ, ತಲೆಗೊಂದು. ಮಕ್ಕಳು ದಿನಾ ಮನೆಗೆ ಒಯ್ಯಬೇಕು, ದಿನಾ ತರಬೇಕು. ಕಚೇರಿಯವರು ಬಿದ್ದು ಬಿದ್ದು ನಕ್ಕರು. ಅಂದಿನಿಂದ ಅವಳು ಹಲಗೆ ಮೇಡಂ.

ತಿಂಗಳಾದ ಮೇಲೆ ಹಲಗೆಗಳೆಲ್ಲ ಇದೇ ಮುಂದಿನ ಕೋಣೆಗೆ ಬಂದವು. ಒಂದು ಪಾತ್ರೆಯ ಮುಚ್ಚಳವಾಗಿತ್ತು, ಒಂದರ ಅಂಚನ್ನು ನಾಯಿ ಕಡಿದಿತ್ತು, ಒಂದು ಎರಡು ತುಂಡು. ಒಡೆದದ್ದನ್ನು ನೋಡಿ ಇವಳು ಕುಣಿದೇಬಿಟ್ಟಳು. “ಮರ ತಾನೇ ರೀ ಒಡ್ದಿದ್ದು! ಎಲ್ಲಿ ಒಡೆಯತ್ತೆ ಅಂತ ಗೊತ್ತಾಯ್ತಲ್ಲ, ಅಲ್ಲಿಗೆ ರಬ್ಬರ್ ಹಾಕ್ಸೋಣ.”

ಒಂದೇ ಒಂದು ಹಲಗೆ ಗೀರಿಲ್ಲದೆ, ಬಟ್ಟೆ ಸುತ್ತಿಕೊಂಡು ಬಂದಿತ್ತು.

“ಇವ್ರು ಜಾಣರು ನೋಡು,” ಎಂದ ಗಂಡ.

“ಎಂಥ ಜಾಣರು! ಮಗು ಕೈಗೇ ಕೊಟ್ಟಿಲ್ಲ ಕಣ್ರೀ. ನಂಗೆ ಭಯ ಆಗೋದು ಇದನ್ನ ನೋಡಿದ್ರೆ,” ಎಂದವಳೇ, ಚಪ್ಪಲಿ ಮೆಟ್ಟಿ ಆ ಮಗುವಿನ ಮನೆಗೆ ಹೊರಟಳು.

*

ಅಧಿಕಾರಿ ಹೂ ಇಟ್ಟು ತಲೆಬಾಗಿದರು. “ಇಂಥವರು ಸಿಗಲ್ಲ. ಇವತ್ತು ಶಾಲೆಗಳಿಗೆ ರಜೆ ಕೊಡೋಣ ಅಂತಿದ್ದೀನಿ.”

“ರಜೆ ಬೇಡ ಸಾರ್, ಎದ್ದು ಬಂದು ಬೈತಾಳೆ,” ಎಂದ ಗಂಡ. “ಬೀರು ತೆಗೆಸಿ.”

ಅಧಿಕಾರಿಯ ಮುಖ ಸಣ್ಣದಾಯಿತು. “ಈಗ ಆ ಮಾತು ಯಾಕೆ ಯಜಮಾನ್ರೇ? ಒಡೆದ್ರೆ ಮೇಲಿನವರು ಹಿಡ್ಕೊಳ್ಳೋದು ನನ್ನ ಕುತ್ತಿಗೆ.”

“ಅವಳ ಕುತ್ತಿಗೇನೂ ಹಿಡಿದ್ರು ಸಾರ್. ಒಡೆದಿದ್ದನ್ನೆಲ್ಲ ಅವರ ಮುಂದೆ ಇಟ್ಟು, ಒಡೆಯೋಕೆ ಮುಂಚೆ ಮಕ್ಕಳು ಇದ್ರಲ್ಲಿ ಏನೇನು ಕಲ್ತಿದಾರೆ ಕೇಳಿ ಅಂದ್ಲು. ನನ್ನ ಹೆಂಡ್ತಿ ಅಂತ ಹೇಳ್ತಿಲ್ಲ... ಅಲ್ಲ, ನನ್ನ ಹೆಂಡ್ತಿ ಅಂತಾನೇ ಹೇಳ್ತೀನಿ!”

ಮೂಲೆಯಲ್ಲಿದ್ದ ದೊಡ್ಡ ಟೀಚರ್, ಹಿಂದಿನ ಬೀದಿಯ ಶಾಲೆಯ ಮುಖ್ಯೋಪಾಧ್ಯಾಯಿನಿ, ಎದ್ದು ನಿಂತರು. “ಬೀಗದ ಕೈ ನನ್ನ ಹತ್ರ ಇದೆ ಸಾರ್. ನನ್ನ ಕುತ್ತಿಗೇನೂ ಸೇರಿಸ್ಕೊಳ್ಳಿ.”

ಅಧಿಕಾರಿ ಸತ್ತವಳ ಮುಖವನ್ನು ಬಹಳ ಹೊತ್ತು ನೋಡಿದರು. “ಹೋಗಿ, ತೆಗೀರಿ,” ಎಂದರು ಕೊನೆಗೆ. “ಉಳಿದ ಶಾಲೆಗಳಿಗೆ ನಾನೇ ಫೋನ್ ಮಾಡ್ತೀನಿ.”

ಟೀಚರ್ ಯಾರದೋ ಚಪ್ಪಲಿ ಮೆಟ್ಟಿಕೊಂಡು ಓಡಿದರು.

*

ಮಸಣದತ್ತ ಹೊರಟ ವ್ಯಾನು ಶಾಲೆಯ ಬೀದಿಗೆ ತಿರುಗುವ ಹೊತ್ತಿಗೆ ಸಂಜೆ ಗಂಟೆ ಹೊಡೆದಿತ್ತು. ಗೇಟಿನಿಂದ ಮಕ್ಕಳು ಬುಳುಬುಳು ಹೊರಬಂದರು. ಮನೆ ತಲುಪುವ ತನಕ ತಾಳ್ಮೆ ಎಲ್ಲಿಂದ ಬರಬೇಕು? ರಸ್ತೆಯ ನಡುವೆಯೇ ಒಬ್ಬಳು ಟ್ಯಾಬ್ ತೆಗೆದಳು. ಅವಳ ಸುತ್ತ ತಲೆಗೆ ತಲೆ ತಾಗಿಸಿ ಹಿಂಡೇ ನಿಂತಿತು. ಹಿಂದೆ ವ್ಯಾನು ಬಂದದ್ದು ಒಬ್ಬರ ಕಣ್ಣಿಗೂ ಬೀಳಲಿಲ್ಲ.

ವ್ಯಾನಿನವನು ಹಾರ್ನ್‌ಗೆ ಕೈ ಹಾಕಿದ. ಮುಂದಿನ ಸೀಟಿನಲ್ಲಿದ್ದ ಗಂಡ ಆ ಕೈಯನ್ನು ಮೆಲ್ಲಗೆ ಹಿಡಿದ.

“ಬೇಡಪ್ಪ. ಇಂಜಿನ್ ಆಫ್ ಮಾಡು.”

ಅವಳನ್ನು ಹೊತ್ತ ವ್ಯಾನು, ಅದರ ಹಿಂದೆ ನೆಂಟರ ಕಾರುಗಳು, ಅಧಿಕಾರಿಯ ಜೀಪು, ಎಲ್ಲವೂ ಮಕ್ಕಳು ಓದಿ ಮುಗಿಸುವುದನ್ನು ಕಾಯುತ್ತ ಸಾಲಾಗಿ ನಿಂತವು.